ಎಣ್ಣೆ ಕುಡಿದ ಗೋಡೆಗಳು

ಗೌರಸಮುದ್ರದ ಮಾರಮ್ಮನ ಜಾತ್ರೆ ಮುಗಿಸಿ ಹೊರಟವರ ಬಟ್ಟೆಗೆಲ್ಲ ಈರುಳ್ಳಿಯ ಘಾಟು ಅಂಟಿರುತ್ತದೆ. ಹರಕೆ ಹೊತ್ತವರು ಅಮ್ಮನತ್ತ ತೂರಿದ ಈರುಳ್ಳಿ ಸಾವಿರಾರು ಕಾಲುಗಳಡಿ ನಲುಗಿ, ಬಯಲಿನ ಕೆಂಧೂಳಿನೊಂದಿಗೆ ಬೆರೆತು, ಎರಡು ದಿನ ಮೂಗಿನಲ್ಲಿ ಉಳಿಯುವಂಥ ಕಟು ಪರಿಮಳವಾಗುತ್ತದೆ. ಆ ಪರಿಮಳ ಹೊತ್ತುಕೊಂಡೇ ನಾನು ಪ್ರತಿ ಭಾದ್ರಪದದಲ್ಲೂ ಚಳ್ಳಕೆರೆಯ ದಾರಿ ಹಿಡಿಯುತ್ತೇನೆ. ದಾರಿಯ ಎರಡೂ ಬದಿಗೆ ಶೇಂಗಾ ಹೊಲ. ಆ ಹೊತ್ತಿಗೆ ಗಿಡ ಮೊಣಕಾಲಿಗೂ ಬಂದಿರುವುದಿಲ್ಲ. ಆದರೆ ನೆಲ ಕಾಣದಷ್ಟು ದಟ್ಟ ಹಸಿರು, ಬುಡದಲ್ಲಿ ಚಿಟಿಕೆ ಅರಿಸಿನ ಉದುರಿಸಿದಂಥ ಹೂವು. ಹೂವು ಬಾಡಿದ ಮೇಲೆ ತೊಟ್ಟು ಸೂಜಿಯಂತೆ ಬಾಗಿ ಮಣ್ಣಿಗಿಳಿಯುತ್ತದೆ. ಕಾಯಿ ಕಟ್ಟುವುದು ಆ ಕತ್ತಲಲ್ಲಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದಾದ ಈ ಸೀಮೆಯ ಮರಳು ಮಿಶ್ರಿತ ಕೆಂಪು ಮಣ್ಣು ಅಷ್ಟು ಮೃದುವಾದ ಆ ಸೂಜಿಗೆ ಹೇಗೆ ದಾರಿ ಬಿಡುತ್ತದೆಯೋ ಎಂದು ಪ್ರತಿಸಲವೂ ಹೊಲದಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತೇನೆ.

ಊರು ಇನ್ನೂ ಎರಡು ಮೈಲಿ ಇರುವಾಗಲೇ, ಗಾಳಿ ಈ ಕಡೆಗಿದ್ದರೆ, ಈರುಳ್ಳಿಯ ಘಾಟನ್ನು ತೊಳೆದುಬಿಡುವ ಇನ್ನೊಂದು ಪರಿಮಳ ಬರುತ್ತದೆ. ಹಬೆಯಲ್ಲಿ ಬೆಂದು, ಉಕ್ಕಿನ ತಿರುಪಿನಲ್ಲಿ ಜಜ್ಜಿ, ಬಿಸಿಬಿಸಿಯಾಗಿ ಜಿನುಗುವ ಶೇಂಗಾ ಎಣ್ಣೆಯ ಪರಿಮಳ. ಬೆಚ್ಚಗೆ, ದಪ್ಪಗೆ, ಹೊಸದಾಗಿ ಬಾಣಲೆ ಇಟ್ಟ ಮನೆಯ ಅಡುಗೆಮನೆಯಂತೆ. ಆಮೇಲೆ, ಬೇವಿನ ಮರಗಳ ತಲೆಯ ಮೇಲೆ, ಒಂದು ಚಿಮಣಿ.

ಚಳ್ಳಕೆರೆಯನ್ನು ಜನ ಎಣ್ಣೆ ನಗರ ಅನ್ನುತ್ತಾರೆ, ಎರಡನೇ ಮುಂಬಯಿ ಅಂತಲೂ ಅನ್ನುತ್ತಾರೆ. ಖಾದ್ಯ ತೈಲದ ವಹಿವಾಟಿನಲ್ಲಿ ಮುಂಬಯಿಯನ್ನು ಬಿಟ್ಟರೆ ನಾವೇ ಎಂಬ ಹೆಮ್ಮೆಯ ಮಾತು ಅದು. ಬೆಂಗಳೂರು–ಬಳ್ಳಾರಿ ಹೆದ್ದಾರಿಯಲ್ಲಿ ಹೋಗುವವರು ಈ ಊರನ್ನು ಒಂದು ಟೀ ಕುಡಿಯುವ ಹೊತ್ತಿನಲ್ಲಿ ದಾಟಿಬಿಡುತ್ತಾರೆ. ನನಗೆ ಈ ಊರಿನ ಆಯಿಲ್ ಮಿಲ್ಲುಗಳನ್ನು ಅಳೆದು, ಬರೆದು, ಚಿತ್ರ ತೆಗೆದು ಮುಗಿಸಲು ಒಂದು ಜನ್ಮ ಸಾಲದು. ಕೈಗಾರಿಕೆಯ ಕಟ್ಟಡಗಳಲ್ಲಿ ಸೌಂದರ್ಯ ನೋಡುವ ಕಣ್ಣು ನನಗೆ ಬಂದದ್ದೇ ಇಲ್ಲಿ, ಒಂದು ಹಳೆಯ ಮಿಲ್ಲಿನ ಅಂಗಳದಲ್ಲಿ. ಆ ಅಂಗಳಕ್ಕೇ ನಿಮ್ಮನ್ನು ಮೊದಲು ಕರೆದುಕೊಂಡು ಹೋಗುತ್ತೇನೆ.

ಗೇಟು ದಾಟಿದೊಡನೆ ಸಿಗುವುದು ಕಣ್ಣು ಹರಿಯುವಷ್ಟು ಖಾಲಿ ಜಾಗ. ಮೊದಲ ಸಲ ಹೋದಾಗ ಮಿಲ್ಲಿಗೆ ಇಷ್ಟು ಅಂಗಳ ಯಾಕೆ ಅಂತ ನನಗೆ ತಿಳಿಯಲಿಲ್ಲ. ಉತ್ತರ ಶೇಂಗಾ ಕಾಯಿಯೊಳಗೇ ಇತ್ತು. ಕಾಯಿ ಹಗುರ, ಆದರೆ ಜಾಗ ನುಂಗುವ ಸರಕು. ಒಂದು ಲಾರಿ ಲೋಡು ಕಾಯಿ ಸುರಿದರೆ ಗುಡ್ಡ. ಅದಕ್ಕೆ ಬಿಸಿಲು ಬೇಕು, ಗಾಳಿ ಬೇಕು, ಮಗುಚಿ ಹಾಕುವ ಹೆಣ್ಣಾಳುಗಳು ಓಡಾಡಲು ಜಾಗ ಬೇಕು. ಸುಲಿದಾಗ ನೂರು ಕಿಲೋ ಕಾಯಿಯಲ್ಲಿ ಎಪ್ಪತ್ತರ ಆಸುಪಾಸು ಬೀಜ, ಉಳಿದದ್ದು ಹೊಟ್ಟು. ಆ ಬೀಜದ ತೂಕದಲ್ಲಿ ಅರ್ಧಕ್ಕೆ ಸಮೀಪ ಎಣ್ಣೆ, ಮಿಕ್ಕದ್ದು ಹಿಂಡಿ. ಈಗ ಮಿಲ್ಲಿನ ನಕ್ಷೆಯನ್ನು ಕಾಗದದ ಮೇಲೆ ಬರೆದು ನೋಡಿ. ವಿಶಾಲ ಅಂಗಳ, ಅದರ ಅರ್ಧದಷ್ಟು ಗೋಡೌನು, ಅದಕ್ಕಿಂತ ಕಿರಿದಾದ ಸುಲಿಯುವ ಶೆಡ್ಡು, ಆಮೇಲೆ ಉದ್ದನೆಯ ಎಕ್ಸ್‌ಪೆಲ್ಲರ್ ಸಾಲು, ಆಮೇಲೆ ಫಿಲ್ಟರಿನ ಪುಟ್ಟ ಕೋಣೆ, ಕಡೆಗೆ ಡಬ್ಬ ತುಂಬುವ ಮೂಲೆಯಲ್ಲಿ ಒಂದು ಹಿತ್ತಾಳೆ ನಲ್ಲಿ. ಅಂಗಳದಿಂದ ನಲ್ಲಿಯವರೆಗೆ ಕಟ್ಟಡ ಕಿರಿದಾಗುತ್ತ, ಕಿರಿದಾಗುತ್ತ, ಹನಿಯಾಗುತ್ತದೆ. ಯಾವ ವಾಸ್ತುಶಿಲ್ಪಿಯೂ ಇದನ್ನು ಬರೆದುಕೊಟ್ಟದ್ದಲ್ಲ. ಕಾಯಿ, ಬೀಜ, ಎಣ್ಣೆಗಳ ಪ್ರಮಾಣವೇ ಗೋಡೆಗಳಾಗಿ ನಿಂತಿದೆ. ಮೊದಲ ನಕ್ಷೆ ಬಿಡಿಸಿದ ರಾತ್ರಿ ಲಾಡ್ಜಿನ ಮಂಚದ ಮೇಲೆ ಆ ಹಾಳೆ ಹರಡಿಕೊಂಡು ನಿದ್ದೆಯಿಲ್ಲದೆ ನೋಡುತ್ತ ಕೂತಿದ್ದೆ.

ಹೊಟ್ಟಿನ ಕಥೆ ಇನ್ನೂ ಸೊಗಸು. ಸುಲಿಯುವ ಯಂತ್ರದಿಂದ ಗಾಳಿಗೆ ಹಾರಿದ ಹೊಟ್ಟು ಅಗಲವಾದ ತಗಡಿನ ಕೊಳವೆಯಲ್ಲಿ ತೇಲಿ ಹೋಗಿ ಪಕ್ಕದ ಕೋಣೆಯಲ್ಲಿ ಬೀಳುತ್ತದೆ. ಆ ಕೋಣೆಗೆ ಕಿಟಕಿಯಿಲ್ಲ. ಮೇಲಿನ ಸಾಲಿನಲ್ಲಿ ಇಟ್ಟಿಗೆಗಳನ್ನು ಒಂದು ಬಿಟ್ಟು ಒಂದು ಇಟ್ಟು ಮಾಡಿದ ಜಾಲಂಧ್ರ ಮಾತ್ರ. ಗಾಳಿ ಹೊರಗೆ ಹೋಗುತ್ತದೆ, ಹೊಟ್ಟು ಒಳಗೆ ಉಳಿಯುತ್ತದೆ. ಅಲ್ಲಿಂದ ಬುಟ್ಟಿಗಟ್ಟಲೆ ಬಾಯ್ಲರಿನ ಬಾಯಿಗೆ. ಶೇಂಗಾ ತನ್ನ ಸಿಪ್ಪೆಯ ಬೆಂಕಿಯಲ್ಲೇ ತಾನು ಬೇಯುತ್ತದೆ. ಬೇಸಿಗೆಯ ಮಧ್ಯಾಹ್ನ ಆ ಜಾಲಂಧ್ರದ ಎದುರು ನಿಂತರೆ ಒಳಗಿನ ಬೆಳಕು ನೋಡಬೇಕು: ಹೊಟ್ಟಿನ ಧೂಳು ಹೊಂಬಣ್ಣಕ್ಕೆ ತಿರುಗಿ, ಚೌಕ ಚೌಕವಾದ ಬಿಸಿಲಿನ ಕೋಲುಗಳು ಅಡ್ಡಡ್ಡ ನಿಂತಿರುತ್ತವೆ. ಹೊಯ್ಸಳರ ಗುಡಿಗಳ ಜಾಲಂಧ್ರಗಳನ್ನು ಕೈಮುಗಿದು ನೋಡಿದ್ದೇನೆ. ಈ ಇಟ್ಟಿಗೆಯ ಜಾಲಂಧ್ರವನ್ನೂ ಅದೇ ಮನಸ್ಸಿನಿಂದ ನೋಡುತ್ತೇನೆ.

ಚಿಮಣಿಯ ಬಗ್ಗೆ ನಿಧಾನವಾಗಿ ಹೇಳಬೇಕು. ನಾನು ಅಳೆದದ್ದು ಬುಡದಲ್ಲಿ ಚೌಕ, ಆಳೆತ್ತರ ದಾಟಿದ ಮೇಲೆ ಎಂಟು ಮೂಲೆ, ಇನ್ನೂ ಮೇಲೆ ದುಂಡು. ಚೌಕ ಎಂಟು ಮೂಲೆಗೆ ತಿರುಗುವ ಜಾಗದಲ್ಲಿ ಇಟ್ಟಿಗೆಗಳನ್ನು ಮೂಲೆ ಕೆತ್ತಿ, ಒಂದರ ಮೇಲೊಂದು ಬೆರಳಗಲ ಹಿಂದೆ ಸರಿಸಿ, ಅಲ್ಲೊಂದು ಅರೆಬಿರಿದ ಕಮಲವನ್ನೇ ಅರಳಿಸಿದ್ದಾರೆ. ಹೊಗೆಗೆ ಈ ಕಮಲ ಬೇಕಿಲ್ಲ. ಕಟ್ಟಿದ ಕೈಗೆ ಬೇಕಿತ್ತು. ತುದಿಯಲ್ಲಿ ಎರಡು ಸಾಲು ಇಟ್ಟಿಗೆ ಹೊರಚಾಚಿ ಬಳೆ ತೊಟ್ಟಂತಿದೆ. ಗಾರೆ ಇಂದಿಗೂ ಉಗುರಿಗೆ ಸಿಗದಷ್ಟು ಗಟ್ಟಿ. ಸುಣ್ಣ ಮರಳು ಬೆರೆಸಿ, ದುಂಡನೆಯ ಕಾಲುವೆಯಲ್ಲಿ ಕಲ್ಲಿನ ಚಕ್ರ ಉರುಳಿಸಿ, ಎತ್ತು ಕಟ್ಟಿ ಅರೆದ ಗಾರೆ ಅದು. ಆ ಸಾಧನಕ್ಕೂ ನಮ್ಮಲ್ಲಿ ಗಾಣ ಅಂತಲೇ ಹೆಸರು. ಗಾರೆಯ ಗಾಣ ಕಟ್ಟಿಕೊಟ್ಟ ಚಿಮಣಿಯ ನೆರಳಲ್ಲಿ ಎಣ್ಣೆಯ ಗಾಣ ತಿರುಗಿತು.

ಗಾಣದ ಮಾತು ಬಂದ ಮೇಲೆ ಹಳೆಯ ಕಲ್ಲಿನ ಗಾಣಗಳನ್ನು ನೆನೆಯದೆ ಮುಂದೆ ಹೋಗಲಾರೆ. ಕನ್ನಡ ನಾಡಿನ ಎಷ್ಟೋ ಊರುಗಳ ಹೊರಗೆ, ಬೇಲಿಯ ಮಗ್ಗುಲಲ್ಲಿ, ಒಂದು ದೊಡ್ಡ ಕಲ್ಲಿನ ಒರಳು ಅರ್ಧ ಹೂತುಕೊಂಡು ಬಿದ್ದಿರುತ್ತದೆ. ಒಳಮೈ ಗಾಜಿನಷ್ಟು ನುಣುಪು. ಮಳೆ ನೀರು ನಿಂತು ಹಕ್ಕಿಗಳು ಕುಡಿಯುತ್ತವೆ. ನಮ್ಮ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಗಾಣದ ಎಣ್ಣೆ ಬಿಟ್ಟ ದಾನಗಳು ಎಷ್ಟು ಬೇಕಾದರೂ ಸಿಗುತ್ತವೆ. ಗುಡಿಯ ಕಂಬವನ್ನು ಇಂಚಿಂಚು ಅಳೆದವರು ಆ ಗುಡಿಗೆ ಬೆಳಕು ಕೊಟ್ಟ ಒರಳಿಗೆ ಟೇಪು ಹಿಡಿದದ್ದು ಕಡಿಮೆ. ಎತ್ತು ಸುತ್ತುವ ಗಾಣ ಮೋಟಾರಿಗೆ ಕಟ್ಟಿಕೊಂಡಾಗ ರೋಟರಿ ಆಯಿತು. ಎಕ್ಸ್‌ಪೆಲ್ಲರ್ ಬಂದದ್ದು ಬೇರೆ ದಿಕ್ಕಿನಿಂದ. ಅಮೆರಿಕದ ಕ್ಲೀವ್‌ಲ್ಯಾಂಡಿನ ಆಂಡರ್ಸನ್ ಎಂಬಾತ 1900ರಲ್ಲಿ ನಿರಂತರವಾಗಿ ಎಣ್ಣೆ ಹಿಂಡುವ ತಿರುಪಿನ ಯಂತ್ರ ಮಾಡಿ ಅದಕ್ಕಿಟ್ಟ ವ್ಯಾಪಾರದ ಹೆಸರು ಅದು. ಇವತ್ತು ಚಳ್ಳಕೆರೆಯ ಮಿಲ್ಲಾಳುಗಳ ಬಾಯಲ್ಲಿ ಆ ಮಾತು ಸೌಟು, ಸಲಿಕೆಯಷ್ಟೇ ಸಲೀಸು.

ಈಗ ಎಕ್ಸ್‌ಪೆಲ್ಲರ್ ಸಾಲಿನ ಒಳಗೆ ಬನ್ನಿ. ಹೊರಗಿನ ಬಿಸಿಲಿನಿಂದ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಬಾಗಿಲ ಬಳಿ ನಿಂತೇ ಇರಿ. ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಮೊದಲು ನೆಲ ಕಾಣುತ್ತದೆ. ಕಡಪ ಕಲ್ಲಿನ ಹಾಸು. ದಶಕಗಳ ಎಣ್ಣೆ ಕುಡಿದು ಕುಡಿದು ಕಾಡಿಗೆಯ ಕಪ್ಪಾಗಿ, ಆ ಕಪ್ಪಿನೊಳಗಿಂದಲೇ ಮಿನುಗುತ್ತದೆ. ಮಾಡಿನ ಗಾಜಿನ ಹೆಂಚಿನಿಂದ ಇಳಿದ ಒಂದು ಚೌಕ ಬೆಳಕು ಆ ನೆಲದ ಮೇಲೆ ಬಿದ್ದು, ಮತ್ತೆ ಎದ್ದು, ಯಂತ್ರದ ಹೊಟ್ಟೆಯ ಕೆಳಗೆ ಹೋಗಿ ಕೂರುತ್ತದೆ. ಆಮೇಲೆ ಗೋಡೆ. ನೆಲದಿಂದ ಸೊಂಟದವರೆಗೆ ಗಾಢ ಕಂದು, ಅಲ್ಲಿಂದ ಭುಜದವರೆಗೆ ಜೇನಿನ ಬಣ್ಣ, ಅದರ ಮೇಲೆ ಕ್ರಮೇಣ ಸುಣ್ಣದ ಬಿಳುಪು. ಯಾರೂ ಬಳಿದ ಬಣ್ಣವಲ್ಲ. ಗೋಡೆ ತಾನೇ ಕುಡಿದು ತಾನೇ ಏರಿಸಿಕೊಂಡ ಬಣ್ಣ. ಅಂಗೈ ಇಟ್ಟು ನೋಡಿ. ಬೇಸಿಗೆಯಲ್ಲೂ ತಣ್ಣಗೆ, ಮೆತ್ತಗೆ, ಎಣ್ಣೆ ಸ್ನಾನ ಮಾಡಿಸಿದ ಮಗುವಿನ ಬೆನ್ನಿನಂತೆ ಇರುತ್ತದೆ.

ತಲೆಯೆತ್ತಿದರೆ ಉದ್ದಕ್ಕೂ ಒಂದು ಉಕ್ಕಿನ ಶಾಫ್ಟು, ಅದರ ಮೇಲೆ ಸಾಲಾಗಿ ಗಾಲಿಗಳು. ಪ್ರತಿಯೊಂದು ಯಂತ್ರಕ್ಕೂ ಒಂದೊಂದು ಮೋಟಾರು ಬರುವ ಮುಂಚೆ, ಕಟ್ಟಡದ ಒಂದು ತುದಿಯಲ್ಲಿದ್ದ ಒಂದೇ ಎಂಜಿನ್ನು ಈ ಶಾಫ್ಟು ತಿರುಗಿಸುತ್ತಿತ್ತು. ಗಾಲಿಗಾಲಿಗೂ ಚರ್ಮದ ಪಟ್ಟ ಇಳಿದು ಕೆಳಗಿನ ಯಂತ್ರಗಳನ್ನು ಓಡಿಸುತ್ತಿತ್ತು. ಅದಕ್ಕೇ ಸಾಲು ನೆಟ್ಟಗೆ ಉದ್ದ. ಅದಕ್ಕೇ ಒಂದು ಬದಿಯ ಗೋಡೆ ಇನ್ನೊಂದಕ್ಕಿಂತ ಒಂದೂವರೆ ಪಟ್ಟು ದಪ್ಪ: ಶಾಫ್ಟಿನ ನಡುಕವನ್ನೆಲ್ಲ ತಡೆದುಕೊಂಡದ್ದು ಆ ಗೋಡೆ. ನಾನು ಈ ದಪ್ಪದ ಗುಟ್ಟು ತಿಳಿಯದೆ ಅರ್ಧ ದಿನ ಎರಡೆರಡು ಸಲ ಅಳೆಯುತ್ತಿದ್ದಾಗ, ಬಾಗಿಲ ಬಳಿ ಬೀಡಿ ಹಚ್ಚಿಕೊಂಡು ಕೂತಿದ್ದ ಹಿರಿಯರೊಬ್ಬರು ಕೇಳಿದರು.

“ಏನ್ ಸಾ, ಬೆಳಿಗ್ಗಿಂದ ಆ ಗ್ವಾಡೇನೇ ಹಿಡ್ಕಂಡಿದೀರಾ?”

“ಇದು ಯಾಕಜ್ಜ ಇಷ್ಟು ದಪ್ಪ?”

“ಅದಕ್ಕೆ ಬೆನ್ನು ಕೊಟ್ಟು ನಿಂತ್ಕಂಡ್ರೆ ಹಲ್ಲು ಕಟಕಟ ಅಂತಿದ್ವು. ಸಣ್ಣ ಗ್ವಾಡೆ ಆಗಿದ್ರೆ ಮೂರು ತಿಂಗ್ಳಿಗೆ ಮಕಾಡೆ ಬೀಳ್ತಿತ್ತು.”

ಅವರು ಆ ಮಿಲ್ಲಿನ ಬಾಯ್ಲರಿಗೆ ಹೊಟ್ಟು ಹಾಕುತ್ತಿದ್ದವರು. ಮುಂದಿನ ಮೂರು ದಿನ ನನ್ನ ಟೇಪಿನ ಆ ತುದಿಯನ್ನು ಅವರೇ ಹಿಡಿದರು. ಬೀಜ ಸರಿಯಾಗಿ ಬೆಂದಿತೇ ಅಂತ ಅವರಿಗೆ ತಿಳಿಯುತ್ತಿದ್ದದ್ದು ಗಡಿಯಾರದಿಂದಲ್ಲ. ಒಂದು ಹಿಡಿ ಬಿಸಿ ಬೀಜ ಮುಷ್ಟಿಯಲ್ಲಿ ಹಿಸುಕಿದರೆ ಬೆರಳ ಸಂದಿಯಲ್ಲಿ ಎಣ್ಣೆ ಮಿನುಗಬೇಕು, ಕೈ ಬಿಟ್ಟರೆ ಉಂಡೆ ಒಡೆಯಬೇಕು. ಫಿಲ್ಟರ್ ಪ್ರೆಸ್ಸಿನ ದಪ್ಪ ಬಟ್ಟೆಗಳನ್ನು ತೊಳೆದು ಒಣಹಾಕುತ್ತಿದ್ದ ತಂತಿಯ ಕೊಕ್ಕೆಗಳು ಯಾವ ಗೋಡೆಯಲ್ಲಿದ್ದವು, ಹಮಾಲರು ಚೀಲ ಹೊತ್ತು ಏರುತ್ತಿದ್ದ ಹಲಗೆ ಎಲ್ಲಿ ಆನಿಸಿರುತ್ತಿತ್ತು, ದೀಪಾವಳಿಯ ಪೂಜೆಗೆ ಯಾವ ಎಕ್ಸ್‌ಪೆಲ್ಲರಿಗೆ ಮೊದಲ ಕುಂಕುಮ ಎಲ್ಲವನ್ನೂ ಅವರು ಬೆರಳು ಮಾಡಿ ತೋರಿಸಿದರು. ಹಲಗೆ ಆನಿಸಿದ ಜಾಗದಲ್ಲಿ ಮೆಟ್ಟಿಲಿನ ಕಲ್ಲು ತಟ್ಟೆಯಂತೆ ಸವೆದಿತ್ತು. ನಾನು ಅಲ್ಲಿ ಎರಡು ದಿನ ಓಡಾಡಿದ್ದೆ, ಕಂಡಿರಲಿಲ್ಲ. ಅವರು ಹೇಳಿದ ಮೇಲೆ ಬೇರೇನೂ ಕಾಣಲಿಲ್ಲ.

ಕೈಗಾರಿಕಾ ಪರಂಪರೆಯನ್ನು ಕಾಪಾಡುವವರು 2003ರಲ್ಲಿ ರಷ್ಯಾದ ನಿಜ್ನಿ ತಗೀಲ್ ಎಂಬ ಊರಿನಲ್ಲಿ ಸೇರಿ ಒಂದು ಸನ್ನದು ಒಪ್ಪಿಕೊಂಡರು. ಕಟ್ಟಡ, ಯಂತ್ರಗಳ ಜೊತೆಗೆ ಅಲ್ಲಿ ದುಡಿದವರ ನೆನಪು, ರೂಢಿಗಳನ್ನೂ ದಾಖಲಿಸಬೇಕೆಂಬ ಮಾತು ಅದರಲ್ಲಿದೆ. ಅದನ್ನು ಓದುವಾಗೆಲ್ಲ ನನಗೆ ಆ ಸವೆದ ಮೆಟ್ಟಿಲು ನೆನಪಾಗುತ್ತದೆ.

ಈ ಕೆಲಸದಲ್ಲಿ ಇರುವವರೆಲ್ಲ ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಕರ್ ದಂಪತಿಯನ್ನು ಗುರುಗಳೆಂದು ನೆನೆಯುತ್ತಾರೆ, ನಾನೂ ನೆನೆಯುತ್ತೇನೆ. 1959ರಿಂದ ದಶಕಗಳ ಕಾಲ ಅವರು ಗಣಿಯ ಗೋಪುರ, ನೀರಿನ ತೊಟ್ಟಿ, ಕುಲುಮೆ, ಗಿರಣಿಗಳನ್ನು ದೊಡ್ಡ ಕ್ಯಾಮರಾದಲ್ಲಿ ಕಪ್ಪು ಬಿಳುಪಿನಲ್ಲಿ ಹಿಡಿದರು. ಮೋಡ ಕವಿದ ದಿನವೇ ಬೇಕು, ನೆರಳು ಬೀಳಬಾರದು, ಎಲ್ಲ ಚಿತ್ರಕ್ಕೂ ಒಂದೇ ಕೋನ, ಒಂದೇ ಅಂತರ. ಒಂದೇ ಬಗೆಯ ಕಟ್ಟಡಗಳ ಚಿತ್ರಗಳನ್ನು ಒಂಬತ್ತೋ ಹನ್ನೆರಡೋ ಒಟ್ಟಿಗೆ ಸಾಲಾಗಿ ತೂಗುಹಾಕಿದರೆ, ಒಂದಕ್ಕೊಂದರ ಸಣ್ಣ ಸಣ್ಣ ವ್ಯತ್ಯಾಸಗಳು ಮಾತಾಡತೊಡಗುತ್ತವೆ. 1990ರ ವೆನಿಸ್ ಬಿಯೆನಾಲೆಯಲ್ಲಿ ಅವರ ಛಾಯಾಚಿತ್ರಗಳಿಗೆ ಶಿಲ್ಪಕಲೆಯ ಬಹುಮಾನ ಕೊಟ್ಟರು. ಎಂಥ ಸೊಗಸಾದ ತೀರ್ಮಾನ! ಆದರೆ ಚಳ್ಳಕೆರೆಯಲ್ಲಿ ಅವರ ದಾರಿ ನಾನು ಪೂರ್ತಿ ಹಿಡಿಯಲಾರೆ. ಮೋಡಕ್ಕಾಗಿ ಕಾದರೆ ಇಲ್ಲಿ ವರ್ಷಗಟ್ಟಲೆ ಕೂರಬೇಕು. ಈ ಕಟ್ಟಡಗಳು ಹುಟ್ಟಿದ್ದೂ ಬಿಸಿಲಿಗಾಗಿಯೇ. ಸಂಜೆ ನಾಲ್ಕೂವರೆಯ ಓರೆ ಬಿಸಿಲು ಕಲ್ಲಿನ ಗೋಡೆಯ ಮೇಲೆ ಬಿದ್ದಾಗ ಪ್ರತಿ ಕಲ್ಲಿನ ಉಬ್ಬಿಗೂ ಒಂದು ಎಳೆ ನೆರಳು ಹುಟ್ಟುತ್ತದೆ, ಉಳಿಯೇಟಿನ ಗುರುತುಗಳು ಎಣಿಸುವಷ್ಟು ಸ್ಪಷ್ಟವಾಗುತ್ತವೆ. ಅವರ ಚಿತ್ರಗಳಲ್ಲಿ ಮನುಷ್ಯರಿಲ್ಲ. ನನ್ನವುಗಳಲ್ಲಿ ಟೇಪಿನ ಆ ತುದಿ ಹಿಡಿದ ಕೈ ಇದ್ದೇ ಇರುತ್ತದೆ, ಇರಲಿ ಅಂತಲೇ ಬಿಟ್ಟಿದ್ದೇನೆ.

ಮಾಡಿನ ಹೆಂಚುಗಳದ್ದು ಬೇರೆಯೇ ಸಂತೋಷ. ಹಳೆಯ ಮಿಲ್ಲುಗಳಿಗೆ ಮಂಗಳೂರು ಹೆಂಚು. ಒಂದು ಶೆಡ್ಡಿನ ಮಾಡು ರಿಪೇರಿಯಾಗುವಾಗ ಕೆಳಗಿಳಿಸಿ ಪೇರಿಸಿದ್ದ ಹೆಂಚುಗಳಲ್ಲಿ ಒಂದನ್ನು ಮಗುಚಿ, ಮಸಿ ಹಿಡಿದ ಬೆನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮೊದಲು ಒಂದು ಅಕ್ಷರದ ಕೊಂಕು ಎದ್ದಿತು, ಆಮೇಲೆ ಇನ್ನೊಂದು, ಆಮೇಲೆ ಅಚ್ಚೊತ್ತಿದ ಕಾರ್ಖಾನೆಯ ಹೆಸರು ಪೂರ್ತಿ. ಕೊನೆಗೆ ನಾಲ್ಕು ಅಂಕಿ: 1865. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೇತ್ರಾವತಿಯ ದಡದ ಜೇಡಿಯಿಂದ ಹೆಂಚು ಸುಡಲು ತೊಡಗಿದ ವರ್ಷ ಅದು. ಆ ಮೇಲಿನ ದಶಕಗಳಲ್ಲೂ ಹೆಂಚಿನ ಮೇಲೆ ಆ ವರ್ಷವನ್ನೇ ಒತ್ತುತ್ತಿದ್ದರು. ನದಿಯ ದಡದ, ಮಳೆನಾಡಿನ ಮಣ್ಣು ಘಟ್ಟ ಹತ್ತಿ ಬಂದು ಮಳೆಯಿಲ್ಲದ ಈ ಸೀಮೆಯ ಬಿಸಿಲು ತಡೆಯುತ್ತಿದೆ. ಹೆಂಚನ್ನು ಬೆರಳಗಂಟಿನಿಂದ ತಟ್ಟಿದೆ. ಕಂಚಿನ ಲೋಟದ ದನಿ ಬಂತು. ಆ ದಿನ ಅರವತ್ತು ಹೆಂಚು ತಿರುವಿ ಹಾಕಿದೆ, ನಾಲ್ಕು ಬೇರೆ ಬೇರೆ ಕಾರ್ಖಾನೆಗಳ ಅಚ್ಚು ಸಿಕ್ಕವು. ಒಂದೊಂದಕ್ಕೂ ಒಂದೊಂದು ಗುರುತು. ಒಂದು ಮಾಡು ಯಾವಾಗ ಕಟ್ಟಿದ್ದು, ಯಾವಾಗ ರಿಪೇರಿಯಾದದ್ದು ಅನ್ನುವುದೆಲ್ಲ ಬೆನ್ನು ತಿರುಗಿಸಿದ ಹೆಂಚಿನಲ್ಲಿ ಓದಲು ಸಿಗುತ್ತದೆ.

ಕರ್ನಾಟಕದ ದೊಡ್ಡ ಕೈಗಾರಿಕಾ ಕಟ್ಟಡಗಳಿಗೆ ನೋಡುವವರು ಇದ್ದಾರೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿದ ಶಿವನಸಮುದ್ರ, 1923ರಲ್ಲಿ ಕುಲುಮೆ ಹೊತ್ತಿದ ಭದ್ರಾವತಿ, ಗಣಿಯ ಗೋಪುರಗಳ ಕೆಜಿಎಫ್ ಎಲ್ಲವೂ ಪುಸ್ತಕಗಳಲ್ಲಿವೆ. ಚಳ್ಳಕೆರೆಯ ಮಿಲ್ಲುಗಳು ಸಣ್ಣವು, ಹಲವು, ಮನೆತನಗಳವು. ಅವುಗಳ ಸೊಗಸು ಒಂದೊಂದರಲ್ಲಿ ಎಷ್ಟಿದೆಯೋ ಸಾಲಿನಲ್ಲಿ ಅಷ್ಟಿದೆ. ಒಂದೇ ಕೆಲಸಕ್ಕೆ ಇಷ್ಟು ಜನ ಇಷ್ಟು ಬಗೆಯಲ್ಲಿ ಗೋಡೆ ಎತ್ತಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಈ ಸೀಮೆಗೆ ಅನ್ಯಾಯವಾಗುತ್ತದೆ. ಮೊಳಕಾಲ್ಮೂರಿಗೆ ಹೋಗೋಣ. ಅಲ್ಲಿಯ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಸೀರೆಯ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಕಣ್ಣು ಆ ಸೀರೆ ಹುಟ್ಟುವ ಮನೆಯ ಮೇಲೆ. ಕಲ್ಲು ಮಣ್ಣಿನ ಗೋಡೆ, ಮೇಲೆ ಜಂತೆ ತೊಲೆಗಳ ಮಾಳಿಗೆ, ಮಾಳಿಗೆಯ ನಡುವೆ ಗವಾಕ್ಷಿ. ಪಡಸಾಲೆಯ ನೆಲದಲ್ಲಿ ಮಗ್ಗದ ಗುಣಿ. ನೇಕಾರ ನೆಲದಂಚಿನಲ್ಲಿ ಕೂತು ಕಾಲುಗಳನ್ನು ಗುಣಿಯೊಳಗೆ ಇಳಿಬಿಡುತ್ತಾನೆ, ತುಳಿಯುವ ಮಣೆಗಳು ಅಲ್ಲಿರುತ್ತವೆ. ಹೀಗಾಗಿ ಹಾಸು ನೆಲಕ್ಕೆ ಹತ್ತಿರ ಹರಡಿಕೊಳ್ಳುತ್ತದೆ. ಒಣಹವೆಯ ಈ ಸೀಮೆಯಲ್ಲಿ ನೆಲದ ತಂಪು ರೇಷ್ಮೆಯ ಎಳೆ ಬಿರುಸಾಗದಂತೆ ಕಾಯುತ್ತದೆ. ನಾನು ಅಳೆದ ಒಂದು ಮನೆಯಲ್ಲಿ ಕಿಟಕಿ ನನ್ನ ಮಂಡಿಯೆತ್ತರಕ್ಕಿತ್ತು. ನಿಂತವನಿಗೆ ಅದು ವಿಚಿತ್ರ. ಮಗ್ಗದ ಮುಂದೆ ಕೂತು ನೋಡಿದೆ. ಬೆಳಕು ನೇರ ಹಣಿಗೆಯ ಮೇಲೆ, ಲಾಳಿ ಓಡುವ ಆ ಗೇಣಗಲದ ಜಾಗಕ್ಕೆ ಬೀಳುತ್ತಿತ್ತು. ಇಡೀ ಮನೆಯಲ್ಲಿ ಬೆಳಕು ಎಲ್ಲಿ ಬೇಕೋ ಅಲ್ಲಿ ಮಾತ್ರ. ಅಡುಗೆಮನೆಯಿಂದ ಬಂದ ತಾಯಿ ನಕ್ಕರು: “ಅಣ್ಣಾ, ಆ ಕಿಟಕಿ ನಮಗಲ್ಲ, ಮಗ್ಗಕ್ಕೆ.”

ಆ ಮನೆಗೆ ಜಕಾರ್ಡ್ ಬಂದಾಗ ನಡೆದದ್ದು ಇನ್ನೂ ಚೆಂದ. ರಟ್ಟಿನ ತೂತುಗಳಲ್ಲಿ ನವಿಲು, ಗೋಪುರ, ಬಳ್ಳಿಗಳನ್ನು ಹೊತ್ತ ಆ ಪೆಟ್ಟಿಗೆ ಮಗ್ಗದ ತಲೆಯ ಮೇಲೆ ಕೂರಬೇಕು, ಮಾಳಿಗೆ ತಗ್ಗು. ಮಗ್ಗದ ನೇರಕ್ಕೆ ಎರಡು ಜಂತೆಗಳ ನಡುವಿನ ಮಾಳಿಗೆ ತೆಗೆದು, ಅಲ್ಲಿಯಷ್ಟು ಗೋಡೆ ಏರಿಸಿ, ಮೇಲೊಂದು ಪುಟ್ಟ ಗೂಡು ಕಟ್ಟಿದ್ದಾರೆ. ಬೀದಿಯಿಂದ ನೋಡಿದರೆ ಮಾಳಿಗೆಯ ಮೇಲೆ ಗೂಡು ಎದ್ದು ಕಾಣುತ್ತದೆ. ಆ ಓಣಿಯಲ್ಲಿ ನಡೆಯುತ್ತ ಗೂಡು ಎಣಿಸಿದರೆ ಜಕಾರ್ಡ್ ಎಣಿಸಿದ ಹಾಗೆ. ಸೀರೆಯ ಒಡಲು ಒಂದು ಬಣ್ಣ, ಎರಡೂ ಅಂಚು ಇನ್ನೊಂದು ಬಣ್ಣವಾದರೆ ಮೂರು ಲಾಳಿ ಬೇಕು, ಇನ್ನೊಂದು ಜೋಡಿ ಕೈ ಬೇಕು. ಅದಕ್ಕೇ ಗುಣಿಯ ಬಲಬದಿಗೆ ಒಂದು ಸಣ್ಣ ಕಟ್ಟೆ, ಮಗನೋ ಮಗಳೋ ಕೂತು ಲಾಳಿ ಕೊಡಲು. ಕಟ್ಟೆಯ ಅಂಚು ಮಕ್ಕಳ ತೊಡೆ ಉಜ್ಜಿ ಉಜ್ಜಿ ದುಂಡಾಗಿದೆ. ನನ್ನ ನಕ್ಷೆಯಲ್ಲಿ ಆ ಕಟ್ಟೆಯ ಅಳತೆ: ಒಂದೂವರೆ ಅಡಿ ಉದ್ದ, ಒಂಬತ್ತು ಇಂಚು ಎತ್ತರ.

ಚಳ್ಳಕೆರೆಯ ಕಂಬಳಿಯ ಮಗ್ಗಗಳಿಗೂ ಹೀಗೇ ಒಂದು ಮನೆಗಾರಿಕೆ ಉಂಟು. ಕುರಿಯ ಉಣ್ಣೆಯ ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬೀದಿಯುದ್ದಕ್ಕೂ ಎಳೆದು ಒಣಗಿಸುವಾಗ ಇಡೀ ಓಣಿಯೇ ಕಾರ್ಖಾನೆಯಾಗುತ್ತದೆ. ಅದರ ನಕ್ಷೆ ಬರೆಯುವುದಾದರೆ ಬೀದಿಯನ್ನೂ ಬೇವಿನ ಮರವನ್ನೂ ಸೇರಿಸಿ ಬರೆಯಬೇಕು. ಅದು ಇನ್ನೊಂದು ಲೇಖನಕ್ಕೆ ಇರಲಿ.

ಮೊಳಕಾಲ್ಮೂರು ತಾಲ್ಲೂಕಿಗೆ ಬಂದ ಮೇಲೆ ಬ್ರಹ್ಮಗಿರಿಗೆ ಹೋಗದೆ ನನಗೆ ತಿರುಗಿ ಬರಲು ಮನಸ್ಸಾಗುವುದಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನ ಗುರುತಿಸಿದರು; ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಅದರ ಸೋದರ ಶಾಸನಗಳಿವೆ. ದೊರೆಯ ಮಾತೆಲ್ಲ ಬ್ರಾಹ್ಮಿಯಲ್ಲಿದೆ. ಮುಗಿದ ಮೇಲೆ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಹೆಸರಿನ ಪಕ್ಕದಲ್ಲಿ ತಾನು ಲಿಪಿಕಾರ ಎಂಬ ಒಂದು ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಚಕ್ರವರ್ತಿಯ ಆಜ್ಞೆಯ ಬುಡದಲ್ಲಿ ಒಬ್ಬ ಕಸುಬುದಾರ ತನಗೆ ಬರುವ ಇನ್ನೊಂದು ವಿದ್ಯೆಯನ್ನೂ ಇಟ್ಟು ಹೋದ. ಅದನ್ನು ನೋಡಿದ ಮರುದಿನವೇ ಚಳ್ಳಕೆರೆಯ ಆ ಮಿಲ್ಲಿಗೆ ಮರಳಿ, ಚಿಮಣಿಯ ಬುಡದ ಕಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿದೆ. ಈಶಾನ್ಯದ ಮೂಲೆಯ ಕಲ್ಲಿನಲ್ಲಿ ಉಳಿಯಿಂದ ಕೊರೆದ ಒಂದು ಸಣ್ಣ ಮೀನು ಸಿಕ್ಕಿತು. ಹೆಬ್ಬೆರಳಿನಷ್ಟು. ಕಟ್ಟಿದವರ ಗುರುತೇ ಇರಬೇಕು ಅಂತ ನನ್ನ ಮನಸ್ಸು ಹೇಳುತ್ತದೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡೆ. ನನ್ನ ಬಳಿ ಇರುವ ನೂರಾರು ಹಾಳೆಗಳಲ್ಲಿ ಅದು ನನಗೆ ಎಲ್ಲಕ್ಕಿಂತ ಪ್ರಿಯ.

ಮಿಲ್ಲುಗಳು ಕಡಿಮೆಯಾಗುತ್ತಿವೆ. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾದ ಮೇಲೆ ಅಗ್ಗದ ಎಣ್ಣೆಯ ಎದುರು ಶೇಂಗಾ ಎಣ್ಣೆ ಬೆಲೆಯಲ್ಲಿ ನಿಲ್ಲಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಾಯಿಯೇ ಬರಲಿಲ್ಲ. ಬೀಗ ಬಿದ್ದ ಮಿಲ್ಲಿನ ಯಂತ್ರ ಮೊದಲು ಗುಜರಿಗೆ ಹೋಗುತ್ತದೆ, ಆಮೇಲೆ ಹೆಂಚು, ಆಮೇಲೆ ತೊಲೆ, ಕಡೆಗೆ ಕಲ್ಲು. ಅಂಗಳ ಸೈಟುಗಳಾಗುತ್ತದೆ. ಬದುಕಬೇಕಾದವರು ಮಾರಿದ್ದನ್ನು ತಪ್ಪೆನ್ನುವ ಹಕ್ಕು ನನಗಿಲ್ಲ. ಮಾರುವ ಮುಂಚೆ ಎರಡು ದಿನ ಅಳೆಯಲು ಬಿಡಿ ಅಂತ ಕೇಳುತ್ತೇನೆ. ಕೇಳಿದವರಲ್ಲಿ ಹೆಚ್ಚಿನವರು ಬಿಟ್ಟಿದ್ದಾರೆ, ಊಟವನ್ನೂ ಹಾಕಿದ್ದಾರೆ. ಚಿಮಣಿಯಲ್ಲಿ ಕಮಲವಿದೆ ಅಂತ ತೋರಿಸಿದಾಗ ಒಬ್ಬ ಮಾಲೀಕರು ಕನ್ನಡಕ ಹಾಕಿ ಬಂದು, ತಮ್ಮ ತಂದೆಯ ಕಾಲದ ಆ ಕಟ್ಟಡವನ್ನು ಮೊದಲ ಸಲವೆಂಬಂತೆ ಸುಮ್ಮನೆ ನೋಡುತ್ತ ನಿಂತರು. ಹಿಂಡಿಯ ಚೀಲಗಳನ್ನು ಪೇರಿಸುತ್ತಿದ್ದವರೂ ಕೆಲಸ ಬಿಟ್ಟು ತಲೆಯೆತ್ತಿದರು.

ಬರುವ ಭಾದ್ರಪದದಲ್ಲಿ ಗೌರಸಮುದ್ರಕ್ಕೆ ಬಂದರೆ ಅಮ್ಮನಿಗೆ ಕೈಮುಗಿದು, ಮರುದಿನ ಬುಧವಾರ ಚಳ್ಳಕೆರೆಯಲ್ಲಿ ಉಳಿದುಕೊಳ್ಳಿ. ಒಂದು ಮೂವತ್ತು ಮೀಟರಿನ ಟೇಪು, ಚೌಕದ ಗೆರೆಯ ನೋಟ್‌ಬುಕ್ಕು, ಎರಡು ಪೆನ್ಸಿಲ್ ಸಾಕು. ನಡೆಯುತ್ತಿರುವ ಮಿಲ್ಲು ಕಂಡರೆ ಗೇಟಿನಲ್ಲಿರುವವರನ್ನು ಕೇಳಿ ಒಳಗೆ ಹೋಗಿ; ಅಲ್ಲಿಯ ಅತ್ಯಂತ ಹಿರಿಯ ಆಳಿನ ಕೈಗೆ ಟೇಪಿನ ಒಂದು ತುದಿ ಕೊಡಿ. ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ ಗಾಜಿನ ಹೆಂಚಿನ ಬೆಳಕು ಎಕ್ಸ್‌ಪೆಲ್ಲರಿನ ಬಾಯಿಗೆ ಬರುತ್ತದೆ, ಎಣ್ಣೆ ಆಗ ಹೊಳೆಯುವುದನ್ನು ತಪ್ಪಿಸಿಕೊಳ್ಳಬೇಡಿ. ಚಪ್ಪಲಿ ಬಾಗಿಲಲ್ಲೇ ಬಿಡಿ. ಎಣ್ಣೆ ಕುಡಿದ ಆ ನೆಲ ಬರಿಗಾಲಿಗೇ ಚೆಂದ.